ಮನೆ ಮಂಜೇಶ್ವರ, ಕಾರು ಮಂಗಳೂರು: ಟೆಂಪರರಿ ಪರ್ಮಿಟ್ ಹಿಡ್ಕೊಂಡು ತಲಪಾಡಿ ದಾಟಿದವರು ಯಾರಾದ್ರೂ ಇದ್ದೀರಾ?

ಗಡಿಯ_ಮನೆ · 1ನೇ ದಿನ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಮಂಜೇಶ್ವರದ ಹತ್ತಿರ. ಪೇಟೆ ಅಂದ್ರೆ ನಮಗೆ ಮಂಗಳೂರೇ. ಮೀನಿಗೆ, ಮದುವೆ ಸೀರೆಗೆ, ಆಸ್ಪತ್ರೆಗೆ ಎಲ್ಲದಕ್ಕೂ ತಲಪಾಡಿ ಗಡಿ ದಾಟಿಯೇ ಅಭ್ಯಾಸ. ಈಗ ಕಾರೂ ಅಲ್ಲೇ ನೋಡಿಯಾಯ್ತು. ಬೇಕಾದ ಬಣ್ಣದ ಗಾಡಿ ಅಲ್ಲಿ ಯಾರ್ಡಲ್ಲೇ ಉಂಟು, ನಮ್ಮ ಬದಿಯಲ್ಲಿ ಬುಕ್ ಮಾಡಿದ್ರೆ ಎರಡು ತಿಂಗಳು ಕಾಯ್ಬೇಕಂತೆ.

ಆದ್ರೆ ನಂಬರ್ ನಮ್ಮ ಕಾಸರಗೋಡಿನ ಕೆಎಲ್ 14 ಆಗ್ಬೇಕು. ಆಧಾರ್, ರೇಷನ್ ಕಾರ್ಡ್, ವೋಟು ಎಲ್ಲ ಇಲ್ಲಿಯದ್ದೇ. ಸೇಲ್ಸಿನ ಹುಡುಗ ಹೇಳಿದ, "ಟೆಂಪರರಿ ಪರ್ಮಿಟ್ ಮಾಡಿ ಕೊಡ್ತೇವೆ ಸರ್, ಆಮೇಲೆ ನೀವು ಊರಲ್ಲಿ ರಿಜಿಸ್ಟ್ರೇಷನ್ ಮಾಡ್ಸಿ, ತಲೆಬಿಸಿ ಮಾಡ್ಬೇಡಿ." ಅವನು ತಲೆಬಿಸಿ ಬೇಡ ಅಂದ ಮೇಲೆಯೇ ನನಗೆ ಶುರುವಾದದ್ದು.

ಈ ಪರ್ಮಿಟ್ ಎಷ್ಟು ದಿನ ನಡೀತದೆ? ತೆರಿಗೆ ಎರಡೂ ಕಡೆ ಕಟ್ಟಬೇಕಾ? ದಾರಿಯಲ್ಲಿ ಹಿಡಿದ್ರೆ ಎಂತ ತೋರಿಸುದು? ಮಾಡಿದವರು ಇದ್ರೆ ಹೇಳಿ ಮಾರಾಯ್ರೆ.

ಬೀದರ್_ಬಂಡಿ · 1ನೇ ದಿನ, ರಾತ್ರಿ 10.05

ಮೊದಲು ಆ "ಪರ್ಮಿಟ್" ಅನ್ನೋ ಪದ ಬಿಡಿ ಸರ್. ಪರ್ಮಿಟ್ ಅನ್ನೋದು ಲಾರಿ, ಬಸ್ಸು, ಟ್ಯಾಕ್ಸಿಯವರ ವ್ಯವಹಾರ, ಮೋಟಾರು ವಾಹನ ಕಾಯ್ದೆಯ 66ನೇ ಕಲಂ. ಸ್ವಂತ ಬಳಕೆಯ ಕಾರಿಗೆ ರಾಜ್ಯ ದಾಟಲು ಪರ್ಮಿಟ್ ಅನ್ನೋದೇ ಇಲ್ಲ. ನಿಮಗೆ ಕೊಡೋದು ತಾತ್ಕಾಲಿಕ ನೋಂದಣಿ, ಅಂದರೆ ಟಿಆರ್. ಅದು 43ನೇ ಕಲಂ. ನಾಳೆ ಯಾರಾದರೂ "ನಿಮ್ಮದು ಕರ್ನಾಟಕ ಪರ್ಮಿಟ್, ಕೇರಳದಲ್ಲಿ ನಡೆಯಲ್ಲ" ಅಂದರೆ ಹೆದರಬೇಡಿ. ಇನ್ನೊಂದು ರಾಜ್ಯದಲ್ಲಿ ನೋಂದಣಿ ಮಾಡಿಸುವವರು ಅಲ್ಲಿಯವರೆಗೆ ಗಾಡಿ ಒಯ್ಯೋಕೆ ಅಂತಲೇ ಈ ಟಿಆರ್ ಇರೋದು.

ಕುಡ್ಲದ_ಬಿಸಿಲು · 1ನೇ ದಿನ, ರಾತ್ರಿ 10.31

ನಾನು ಶೋರೂಮೊಂದರಲ್ಲಿ ಕಾಗದ ಪತ್ರದ ಟೇಬಲಲ್ಲಿ ಆರು ವರ್ಷ ಕೂತವ. ಈಗ ಬೇರೆ ಕೆಲಸ, ಹಾಗಾಗಿ ಬಾಯಿಬಿಟ್ಟು ಹೇಳ್ಬಹುದು.

ಕಾಸರಗೋಡಿನ ಗಿರಾಕಿ ನಮಗೆ ಹೊಸತಲ್ಲ, ವಾರಕ್ಕೆ ಒಬ್ಬರಾದ್ರೂ ಬರ್ತಿದ್ರು. ತಪ್ಪಾಗುದು ಎಲ್ಲಿ ಅಂದ್ರೆ ಕೊಟೇಶನ್ನಲ್ಲಿ. ಸೇಲ್ಸಿನವರ ಕಂಪ್ಯೂಟರಲ್ಲಿ ಆನ್‌ರೋಡ್ ಬೆಲೆ ಅಂತ ಒತ್ತಿದ ಕೂಡ್ಲೆ ಕರ್ನಾಟಕದ ಜೀವಾವಧಿ ತೆರಿಗೆ ಸೇರಿಯೇ ಬರ್ತದೆ. ನೀವು ಅದನ್ನು ಕಟ್ಲಿಕ್ಕೇ ಇಲ್ಲ. ನಿಮ್ಮ ಕೊಟೇಶನ್ನಲ್ಲಿ ಎಕ್ಸ್‌ಶೋರೂಂ ಬೆಲೆ, ಇನ್ಶೂರೆನ್ಸ್, ಫಾಸ್ಟ್ಯಾಗ್, ಟಿಆರ್ ಶುಲ್ಕ, ಅದರ ಜತೆ ತಾತ್ಕಾಲಿಕ ಅವಧಿಯ ತೆರಿಗೆ ಇದ್ರೆ ಅದು, ಇಷ್ಟೇ ಇರ್ಬೇಕು. ಜೀವಾವಧಿ ತೆರಿಗೆ ನೀವು ಕಟ್ಟುದು ಕೇರಳಕ್ಕೆ, ಅಲ್ಲಿಯ ದರದಲ್ಲಿ.

"ಹ್ಯಾಂಡ್ಲಿಂಗ್ ಚಾರ್ಜ್" ಅಂತ ಒಂದು ಸಾಲು ಕಂಡ್ರೆ ಅದು ಯಾವ ಕಾಯ್ದೆಯಲ್ಲಿ ಉಂಟು ಅಂತ ನಗ್ತಾ ಕೇಳಿ. ಹೆಚ್ಚಿನ ಸಲ ಆ ಸಾಲು ತಾನಾಗಿ ಅಳಿಸಿ ಹೋಗ್ತದೆ.

ಟಿಆರ್ ಇಲ್ಲದೆ ಗಾಡಿ ಹೊರಗೆ ಬಿಡ್ಲಿಕ್ಕೆ ಶೋರೂಮಿಗೆ ಅಧಿಕಾರ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 42ನೇ ನಿಯಮ ಅದನ್ನೇ ಹೇಳುದು, ತಾತ್ಕಾಲಿಕವೋ ಕಾಯಂ ಆಗಿಯೋ ನೋಂದಣಿ ಆಗದೆ ಖರೀದಿದಾರನ ಕೈಗೆ ಗಾಡಿ ಕೊಡ್ಬಾರ್ದು. "ನಾಳೆ ಟಿಆರ್ ವಾಟ್ಸಾಪ್ ಮಾಡ್ತೇವೆ, ಇವತ್ತು ಒಳ್ಳೆ ದಿನ, ತಕೊಂಡು ಹೋಗಿ" ಅಂದ್ರೆ ಒಪ್ಬೇಡಿ. ಒಳ್ಳೆ ದಿನ ಇನ್ನೊಂದು ಸಿಗ್ತದೆ.

ಸುಮ್ನೆ_ಓದುಗ · 1ನೇ ದಿನ, ರಾತ್ರಿ 10.44

ನಮ್ಮ ಮಾವ ಕೆಂಪು ಪ್ಲೇಟಲ್ಲಿ ಬಿಳಿ ಅಕ್ಷರ ಇರೋ ನಂಬರ್ ಹಾಕ್ಕೊಂಡೇ ಕಾರು ತಂದಿದ್ರು, ಅದೇ ಟಿಆರ್ ಅಲ್ವಾ?

ಕುಡ್ಲದ_ಬಿಸಿಲು · 1ನೇ ದಿನ, ರಾತ್ರಿ 10.52

ಅಲ್ಲ ಮಾರಾಯ್ರೆ. ಅದು ಟ್ರೇಡ್ ನಂಬರ್, ಶೋರೂಮಿನ ಸ್ವತ್ತು. ಗಾಡಿ ಯಾರ್ಡಿಂದ ತರ್ಲಿಕ್ಕೆ, ಟೆಸ್ಟ್ ಡ್ರೈವಿಗೆ, ಅವರ ಮನುಷ್ಯ ಓಡಿಸ್ಲಿಕ್ಕೆ ಇರುದು. ನಿಮ್ಮ ಮಾವ ಬಚಾವಾದ್ರು ಅಷ್ಟೇ. ಟಿಆರ್ ಪ್ಲೇಟ್ ಅಂದ್ರೆ ಹಳದಿ ಹಿನ್ನೆಲೆಗೆ ಕೆಂಪು ಅಕ್ಷರ. ನಂಬರ್ ಇಂಗ್ಲಿಷಿನ ಟಿ ಅಕ್ಷರದಿಂದ ಶುರು, ಮುಂದೆ ತಿಂಗಳು ಮತ್ತು ವರ್ಷ, ಆಮೇಲೆ ರಾಜ್ಯದ ಅಕ್ಷರ. ಹಾಗಾಗಿ ಯಾವಾಗ ಕೊಟ್ಟದ್ದು ಅಂತ ಪೊಲೀಸರಿಗೆ ದೂರದಿಂದಲೇ ಗೊತ್ತಾಗ್ತದೆ.

ಕುಂದಾನಗರಿಯಂವ · 2ನೇ ದಿನ, ಬೆಳಗ್ಗೆ 7.15

ನಾ ಹೋದ ವರ್ಷ ಕೊಲ್ಹಾಪುರದಾಗ ತಗೊಂಡು ಬೆಳಗಾವಿಗೆ ತಂದೇನ್ರಿ, ಕೆಎ 22 ಹಾಕಿಸೇನಿ. ನಿಮ್ದು ನಮ್ದು ಗಡಿ ಬ್ಯಾರೆ, ಕತಿ ಒಂದ.

ಕೊಗನೊಳ್ಳಿ ಟೋಲ್ ದಾಟೂತನಕ ಯಾರೂ ಕೇಳಲಿಲ್ಲ. ಯಾರರ ಕೇಳ್ತಾರಂತ ನಾನ ಎಲ್ಲಾ ಕಾಗದ ಸೀಟಿನ ಮ್ಯಾಲ ಹರವಿಕೊಂಡು ಕುಂತಿದ್ದೆ, ಮನ್ಯಾಕಿ ನಕ್ಕಳು. ತ್ರಾಸ ಆಗಿದ್ದು ಊರಿಗೆ ಬಂದ ಮ್ಯಾಲ.

ಒಂದು, ತೆರಿಗಿ. ಕರ್ನಾಟಕದಾಗ 5ರಿಂದ 10 ಲಕ್ಷದ ಕಾರಿಗೆ 14%, 10ರಿಂದ 20 ಲಕ್ಷಕ್ಕ 17%. ಆ ತೆರಿಗಿ ಮ್ಯಾಲ ಮತ್ತ 11% ಸೆಸ್. ನಂದು 9 ಲಕ್ಷದ ಗಾಡಿ ಅಂತ ಹಿಡೀರಿ, ತೆರಿಗಿ 1,26,000, ಸೆಸ್ 13,860, ಎರಡೂ ಕೂಡಿ 1,39,860. ಶೋರೂಮಿನ್ಯಾಗ ರೊಕ್ಕ ಕಡಿಮಿ ಕೊಟ್ಟು ಬಂದೇನಿ ಅಂತ ಮೀಸಿ ತಿರುವಿಕೊಂಡು ಬಂದಿದ್ದೆ, ಇಲ್ಲಿ ಒಂದ ಏಟಿಗೆ ಹೋತು. ಆ ರೊಕ್ಕ ತಗದ ಇಡ್ರಿ. ಸಾಲದಾಗ ತಗೊಳ್ಳಾವ್ರಿದ್ರ ಬ್ಯಾಂಕಿನವರಿಗೆ ಮೊದಲ ಹೇಳ್ರಿ, ಶೋರೂಮಿಗೆ ಹೋಗೂ ಚೆಕ್ಕಿನ್ಯಾಗ ಈ ತೆರಿಗಿ ಬರಂಗಿಲ್ಲ.

ಎರಡನೇದು, ನಂಬರ್ ಪ್ಲೇಟ್. 2019ರ ಏಪ್ರಿಲ್ ಆದ ಮ್ಯಾಲಿನ ಗಾಡಿಗೆ ಎಚ್‌ಎಸ್‌ಆರ್‌ಪಿ, ಅಂದ್ರ ಹೆಚ್ಚಿನ ಭದ್ರತಾ ನಂಬರ್ ಪ್ಲೇಟ್ ಬೇಕ ಬೇಕು, ಸಾಮಾನ್ಯವಾಗಿ ಮಾರಿದವರ ಹಾಕಿ ಕೊಡ್ತಾರ. ನಮಗ ಮಾರಿದವ ಕೊಲ್ಹಾಪುರದಾಗ, ನಂಬರ್ ಬೆಳಗಾವ್ಯಾಗ! ಊರಿನ ಡೀಲರ್ ಹತ್ರ ಹೋದ್ರ "ಅಲ್ಲೇ ತಗೊಂಡೀರಿ, ಅಲ್ಲೇ ಹಾಕಿಸ್ಕೋರಿ" ಅಂತ ಮಾರಿ ತಿರುವಿದ. ಅವಂದೂ ಖರೆ ಅನ್ರಿ, ವ್ಯಾಪಾರ ಅವನ ಕೈ ಬಿಟ್ಟಿತ್ತಲ್ಲ. ಕಡೀಕ ಕೊಲ್ಹಾಪುರದವರ ಆರ್ಡರ್ ಹಾಕಿ ಪ್ಲೇಟ್ ತರಿಸಿ ಕೊಟ್ರು. ಹಂಗಾಗಿ ರೊಕ್ಕ ಕೊಡೂಕ್ಕಿಂತ ಮೊದಲ ಕೇಳಿ ಬರಸ್ಕೋರಿ, ಪ್ಲೇಟ್ ಯಾರು ಕೊಡಾವ್ರು ಅಂತ. ಕೊಟ್ಟ ಮ್ಯಾಲ ಫೋನ್ ಎತ್ತಂಗಿಲ್ಲ.

ಹೊಸೂರು_ಲೈನ್ · 2ನೇ ದಿನ, ಬೆಳಗ್ಗೆ 11.20

ಸುಮ್ಮನೆ ಯಾಕೆ ಕಷ್ಟ ಗುರು? ಪುದುಚೇರಿಯಲ್ಲಿ ಒಂದು ಬಾಡಿಗೆ ಕರಾರು ಮಾಡಿಸಿ ಅಲ್ಲೇ ನಂಬರ್ ಹಾಕಿಸಿ. ತೆರಿಗೆ ಎಷ್ಟೋ ಕಡಿಮೆ.

ಗಿಯರ್_ಅಕ್ಕ · 2ನೇ ದಿನ, ಬೆಳಗ್ಗೆ 11.38

ಕೇಳಿದ್ದು ಕೇರಳದವರು, ಅವರಿಗೆ ಹೇಳ್ತಿರೋದು ಈ ಉಪಾಯ! 2017ರಲ್ಲಿ ಅಲ್ಲಿ ಇದೇ ಪುದುಚೇರಿ ವಿಳಾಸದ ಐಷಾರಾಮಿ ಕಾರುಗಳ ಮೇಲೆ ಪೊಲೀಸ್ ಕೇಸುಗಳಾಗಿ ಪೇಪರ್ ತುಂಬಾ ಅದೇ ಸುದ್ದಿ. ಸಿನಿಮಾದವರೇ ಸಿಕ್ಕಿಬಿದ್ದರು, ನಾವೆಲ್ಲಿ. ಇಲ್ಲದ ವಿಳಾಸ ತೋರಿಸೋದು ತೆರಿಗೆ ಉಳಿತಾಯ ಅಲ್ಲ, ಸುಳ್ಳು ದಾಖಲೆ.

ಹೊಸೂರು_ಲೈನ್ · 2ನೇ ದಿನ, ಬೆಳಗ್ಗೆ 11.51

ಸರಿ ಅಕ್ಕ, ವಾಪಸ್ ತಗೊಂಡೆ. ಹಾಗಾದರೆ ಬಿಎಚ್ ಸೀರೀಸ್?

ಗಿಯರ್_ಅಕ್ಕ · 2ನೇ ದಿನ, ಮಧ್ಯಾಹ್ನ 12.10

ಇಡೀ ದೇಶಕ್ಕೆ ನಡೆಯೋ ಆ ನಂಬರ್ ಕೆಲಸದ ಮೇಲೆ ನಿಂತದ್ದು. ಸರ್ಕಾರಿ ನೌಕರರು, ಇಲ್ಲವೇ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರೋ ಖಾಸಗಿ ಕಂಪನಿಯವರಿಗೆ. 2021ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ, ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗೋದು. ಮಂಜೇಶ್ವರದವರು ಊರಲ್ಲೇ ಇರೋರ ಥರ ಕಾಣ್ತಾರೆ, ಅವರಿಗೆ ಅದು ಬೇಕಾಗಿಲ್ಲ.

ಗಡಿಯ_ಮನೆ · 2ನೇ ದಿನ, ಮಧ್ಯಾಹ್ನ 1.30

ಹೌದು, ನಂದು ಅಡಿಕೆ ವ್ಯಾಪಾರ. ಬಿಎಚ್ ಎಲ್ಲ ನಮಗಲ್ಲ. ಆದ್ರೆ ಅವಧಿ ಎಷ್ಟು ಅಂತ ಯಾರೂ ಹೇಳ್ಳಿಲ್ಲ. ಒಬ್ಬ ಒಂದು ತಿಂಗಳು ಅಂತಾನೆ, ಇನ್ನೊಬ್ಬ ಆರು ತಿಂಗಳು ಅಂತಾನೆ.

ಕಾಗದಪತ್ರ · 2ನೇ ದಿನ, ಸಂಜೆ 6.45

ಇಬ್ಬರು ಹೇಳುವುದರಲ್ಲೂ ಒಂದೊಂದು ತುಂಡು ನಿಜವಿದೆ. 43ನೇ ಕಲಂ ಮೊದಲು ಒಂದು ತಿಂಗಳು ಎಂದೇ ಹೇಳುತ್ತಿತ್ತು. 2019ರ ತಿದ್ದುಪಡಿಯಲ್ಲಿ ಆ ಕಲಮನ್ನೇ ಬದಲಿಸಿದರು. ಬಾಡಿ ಕಟ್ಟಿಸಬೇಕಾದ ಚಾಸಿಗಳ ಅವಧಿ 2021ರ ನಿಯಮಗಳಲ್ಲಿ ಒಂದು ತಿಂಗಳಿನಿಂದ ಆರು ತಿಂಗಳಿಗೆ ಏರಿತು. ಈ ವಾದವನ್ನು ಇಲ್ಲಿಗೇ ಬಿಡಿ. ನಿಮ್ಮ ಟಿಆರ್ ಕಾಗದದ ಮೇಲೆ ಒಂದು ಮುಕ್ತಾಯದ ದಿನಾಂಕ ಅಚ್ಚಾಗಿರುತ್ತದೆ. ನಿಮಗೆ ಲೆಕ್ಕಕ್ಕೆ ಬರುವುದು ಅದೊಂದೇ.

ನಾನು ವಿಮಾ ಕ್ಲೇಮುಗಳ ಕಡತಗಳ ಜತೆ ಇಪ್ಪತ್ತು ವರ್ಷ ಕಳೆದವನು. ಈ ದಿನಾಂಕವನ್ನು ಜನ ಹಾಲಿನ ಪ್ಯಾಕೆಟ್ಟಿನ ದಿನಾಂಕದಂತೆ ನೋಡುತ್ತಾರೆ, ಎರಡು ದಿನ ಹೆಚ್ಚಾದರೆ ಏನಂತೆ ಎಂದು. ದಂಡದ ಮಾತು ಬಿಡಿ, 192ನೇ ಕಲಮಿನಲ್ಲಿ ಮೊದಲ ಸಲಕ್ಕೆ 2,000ದಿಂದ 5,000 ರೂಪಾಯಿ, ಕಟ್ಟಿ ಮರೆಯಬಹುದು. ಪೆಟ್ಟು ಬೀಳುವುದು ವಿಮೆಯಲ್ಲಿ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳಿವೆ. 2014ರದ್ದು ಒಂದು ಪಿಕಪ್ ಗಾಡಿಯ ಪ್ರಕರಣ. ಟಿಆರ್ 2006ರ ಜನವರಿ 11ಕ್ಕೆ ಮುಗಿದಿತ್ತು, ಅಪಘಾತವಾದದ್ದು ಫೆಬ್ರುವರಿ 2ಕ್ಕೆ. 2021ರದ್ದು ಇನ್ನೂ ಹೊಟ್ಟೆ ಉರಿಸುವಂಥದ್ದು. ಮಾಲೀಕರು ಹೊಸ ಬೊಲೆರೊದಲ್ಲಿ ಜೋಧಪುರಕ್ಕೆ ಹೋಗಿದ್ದರು. ಟಿಆರ್ 2011ರ ಜುಲೈ 19ಕ್ಕೆ ಮುಗಿದಿತ್ತು. 28ರ ರಾತ್ರಿ ಅತಿಥಿಗೃಹದ ಹೊರಗೆ ನಿಲ್ಲಿಸಿದ್ದ ಗಾಡಿ ಕಳುವಾಯಿತು. ನಡುವೆ ಒಂಬತ್ತು ದಿನ. ಎರಡೂ ಪ್ರಕರಣಗಳಲ್ಲಿ ಕಂತು ಕಟ್ಟಿಯಾಗಿತ್ತು, ಪಾಲಿಸಿ ಜೀವಂತವಿತ್ತು. ಆದರೂ ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗೆ ತಂದದ್ದು ಪಾಲಿಸಿಯ ಮೂಲ ಷರತ್ತಿನ ಉಲ್ಲಂಘನೆ ಎಂದು ಕೋರ್ಟು ಹೇಳಿತು. ಒಂದು ಪೈಸೆ ಸಿಗಲಿಲ್ಲ.

2014ರ ತೀರ್ಪಿನಲ್ಲಿ ಒಂದು ಸಾಲು ನಿಮಗೆ ಉಪಯೋಗ. ಮಾಲೀಕರು ಕಾಯಂ ನೋಂದಣಿಗಾಗಲೀ ಅವಧಿ ವಿಸ್ತರಣೆಗಾಗಲೀ ಅರ್ಜಿ ಹಾಕಿದ್ದಕ್ಕೆ ದಾಖಲೆಯೇ ಇಲ್ಲ ಎಂಬುದನ್ನೂ ಕೋರ್ಟು ಗಮನಿಸಿತ್ತು. ಆದ್ದರಿಂದ ಅರ್ಜಿ, ತೆರಿಗೆ ಕಟ್ಟಿದ ರಸೀದಿ ಎಲ್ಲವೂ ಮುಕ್ತಾಯದ ದಿನಕ್ಕಿಂತ ಬಹಳ ಮುಂಚಿನದಾಗಿರಲಿ. ದಿನ ಮೀರಿತೋ, ಗಾಡಿ ಮನೆಯ ಅಂಗಳದಿಂದ ಕದಲಬಾರದು.

ಸುಮ್ನೆ_ಓದುಗ · 2ನೇ ದಿನ, ಸಂಜೆ 7.02

ಒಂಬತ್ತು ದಿನಕ್ಕೆ ಇಡೀ ಬೊಲೆರೊ! ನಾನು ಬುಕ್ ಮಾಡಿದ ಕಾರು ಬರೋ ಮೊದಲೇ ಭಯ ಬಂತು.

ಕಾಗದಪತ್ರ · 2ನೇ ದಿನ, ಸಂಜೆ 7.30

ಭಯ ಬೇಡ, ಕನ್ನಡಕ ಹಾಕಿಕೊಂಡು ಓದಿ ಸಾಕು. ಗಾಡಿ ಕೈಗೆ ಬರುವ ಮೊದಲು ನಮೂನೆ 21 ಅಂದರೆ ಮಾರಾಟ ಪ್ರಮಾಣಪತ್ರ, ನಮೂನೆ 22 ಅಂದರೆ ತಯಾರಕರು ಕೊಡುವ ರಸ್ತೆ ಯೋಗ್ಯತಾ ಪತ್ರ, ಇನ್‌ವಾಯ್ಸ್, ಪಾಲಿಸಿ, ಟಿಆರ್ ಇಷ್ಟನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಚಾಸಿ ನಂಬರನ್ನು ಬೆರಳಿಟ್ಟು ಓದಿ. ಹದಿನೇಳು ಅಕ್ಷರ-ಅಂಕಿ. ಒಂದು ಗುಟ್ಟು ಹೇಳುತ್ತೇನೆ: ಆ ಹದಿನೇಳರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜತೆ ಗೊಂದಲವಾಗದಿರಲಿ ಎಂದು. ಎಲ್ಲಾದರೂ ಓ ಕಂಡರೆ ಯಾರೋ ಟೈಪು ಮಾಡುವಾಗ ಎಡವಿದ್ದಾರೆ ಎಂದರ್ಥ.

ಪಾಲಿಸಿಯಲ್ಲಿ ನೋಂದಣಿ ಸ್ಥಳ ಎಂಬ ಅಂಕಣವಿರುತ್ತದೆ. ಅಲ್ಲಿ ಕಾಸರಗೋಡು ಇರಬೇಕು, ಮಂಗಳೂರಲ್ಲ. ವಿಮೆಯವರಿಗೆ ಬೆಂಗಳೂರು, ಚೆನ್ನೈ, ಮುಂಬೈಯಂಥ ಕೆಲವು ಮಹಾನಗರಗಳು ಎ ವಲಯ, ಉಳಿದದ್ದೆಲ್ಲ ಬಿ. ನಿಮ್ಮ ಎರಡೂ ಊರು ಬಿ ವಲಯವೇ ಆದ್ದರಿಂದ ಹಣ ಬದಲಾಗದು, ಆದರೆ ಕಾಗದ ಕಾಗದಕ್ಕೆ ಹೊಂದಬೇಕು.

ಬೀದರ್_ಬಂಡಿ · 2ನೇ ದಿನ, ರಾತ್ರಿ 8.15

ಇನ್ನೊಂದು ಸೇರಿಸ್ತೀನಿ. ನಾನು ಹೈದರಾಬಾದಿನಲ್ಲಿ ತಗೊಂಡಾಗ ಹಣೆಬರಹ ಬೇರೆ. ತೆಲಂಗಾಣ ಬಹಳ ಕಾಲ ಕೇಂದ್ರದ ವಾಹನ್ ಅನ್ನೋ ನೋಂದಣಿ ತಂತ್ರಾಂಶದ ಹೊರಗೇ ಇತ್ತು, ಅಲ್ಲಿಯ ಟಿಆರ್ ಇಲ್ಲಿಯ ಸ್ಕ್ರೀನಿನಲ್ಲಿ ಕಾಣ್ತಾನೇ ಇರಲಿಲ್ಲ. ಕಾಗದ ಕೈಯಲ್ಲಿದೆ, ಕಂಪ್ಯೂಟರ್ ಇಲ್ಲ ಅನ್ನುತ್ತೆ. ನಿಮಗೆ ಆ ಕಾಟ ಇರಲಾರದು. ಆದರೂ ಟಿಆರ್ ಆದ ದಿನವೇ ಪೋರ್ಟಲಲ್ಲಿ ನಿಮ್ಮ ಗಾಡಿ ಕಾಣುತ್ತಾ ನೋಡಿಕೊಳ್ಳಿ.

ಗಡಿಯ_ಮನೆ · 24ನೇ ದಿನ, ರಾತ್ರಿ 8.50

ಕೆಲಸ ಆಯ್ತು. ಹೇಳ್ತೇನೆ.

ಡೆಲಿವರಿ ದಿನ ಬೆಳಗ್ಗೆ ಹತ್ತಕ್ಕೇ ಹೋದೆ. ಕಾರಿಗೆ ಹೂವಿನ ಹಾರ ಹಾಕಿ, ರಿಬ್ಬನ್ ಕಟ್ಟಿ, ಕೇಕ್ ಸಮೇತ ನಿಂತಿದ್ರು. ನಾನು ಮೊದಲು ಕಾಗದ ಕೊಡಿ ಅಂದೆ. ಹೆಂಡತಿಗೆ ಸಿಟ್ಟು ಬಂತು, ಮಗಳು ಫೋಟೋ ತೆಗೀಲಿಕ್ಕೆ ಕಾದು ಕಾದು ಸುಸ್ತು. ಐದೂ ಕಾಗದ ಸಾಲಾಗಿ ಇಟ್ಟು ಬೆರಳಿಟ್ಟು ಓದಿದೆ. ಇನ್‌ವಾಯ್ಸ್ ಸರಿ, ಟಿಆರ್ ಸರಿ. ಪಾಲಿಸಿಯಲ್ಲಿ ಹನ್ನೆರಡನೇ ಜಾಗದಲ್ಲಿ ಸೊನ್ನೆಯ ಬದಲು ಸಾಕ್ಷಾತ್ ಓ! ನನಗೇ ನಂಬ್ಲಿಕ್ಕಾಗ್ಲಿಲ್ಲ. ಅಲ್ಲಿಯ ಮೇಡಂ ಅಂದ್ರು, "ಎರಡೂ ಒಂದೇ ಅಲ್ವಾ ಸರ್, ನೋಡ್ಲಿಕ್ಕೆ ಹಾಗೇ ಉಂಟಲ್ಲ." ಒಂದೇ ಆಗಿದ್ರೆ ತಿದ್ದಿ ಕೊಡಿ, ನಷ್ಟ ಎಂತ ಅಂದೆ. ನೋಂದಣಿ ಸ್ಥಳದಲ್ಲೂ ಮಂಗಳೂರಿನ ಕೆಎ 19 ಅಂತ ಇತ್ತು. ಎರಡನ್ನೂ ಸೇರಿಸಿ ತಿದ್ದುಪಡಿ ಪತ್ರ ಬರುವಾಗ ಮಧ್ಯಾಹ್ನ ಮೂರೂವರೆ. ಕೇಕ್ ಅಷ್ಟೊತ್ತಿಗೆ ಬೆವರಿತ್ತು. ರಾಹುಕಾಲವೂ ಕಳೆದಿತ್ತು ಅನ್ನಿ, ಅದೊಂದು ಲಾಭ.

ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆಯುದನ್ನು ನಾನು ಮೊದಲ ಸಲ ನೋಡಿದ್ದು. ಹುಡುಗ ಸೀಟಿನ ಅಡಿಯ ಮ್ಯಾಟ್ ಸರಿಸಿ, ಲೋಹದಲ್ಲಿ ಕೊರೆದ ನಂಬರಿನ ಮೇಲೆ ಪಾರದರ್ಶಕ ಟೇಪ್ ಒತ್ತಿ, ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲ ತಿಕ್ಕಿದ. ಅಂಕಿಗಳು ಒಂದೊಂದೇ ಕಪ್ಪಾಗಿ ಎದ್ದು ಬಂದವು. ಟೇಪ್ ಕಿತ್ತು ನಮೂನೆ 20, ಅಂದ್ರೆ ನೋಂದಣಿ ಅರ್ಜಿಯ ಮೇಲೆ ಅಂಟಿಸಿದ. ನಾನು ಇನ್ನೆರಡು ಪ್ರತಿ ಮಾಡಿಸಿಕೊಂಡೆ. ಅದು ಒಳ್ಳೇದೇ ಆಯ್ತು, ಮೊದಲಿನದ್ದರಲ್ಲಿ ಒಂದು ಅಂಕಿ ಉಜ್ಜಿ ಹೋಗಿತ್ತು.

ತಲಪಾಡಿಯಲ್ಲಿ ಯಾರೂ ನಿಲ್ಲಿಸ್ಲಿಲ್ಲ. ಹಳದಿ ಪ್ಲೇಟ್ ನೋಡಿ ಎದುರು ಬಂದ ಆಟೋದವ ಹಾರ್ನ್ ಹೊಡೆದು ಹೆಬ್ಬೆರಳು ತೋರಿಸಿದ, ಅಷ್ಟೇ ತಪಾಸಣೆ.

ಮರುದಿನವೇ ಅರ್ಜಿ ಹಾಕಿ ತೆರಿಗೆ ಕಟ್ಟಿದೆ. ಆರ್‌ಟಿಒ ಅಪಾಯಿಂಟ್ಮೆಂಟ್ ಎಂಟು ದಿನ ಬಿಟ್ಟು ಸಿಕ್ಕಿತು. ಇನ್ಸ್ಪೆಕ್ಟರು ಬಾನೆಟ್ ತೆಗೆಸಿ, ನಂಬರನ್ನು ಅಚ್ಚಿನ ಜತೆ ಹಿಡಿದು ನೋಡಿದ್ರು. ಐದು ನಿಮಿಷದ ಕೆಲಸ. ಕೆಎಲ್ 14 ಬಂತು. ಪ್ಲೇಟಿನ ವಿಷಯ ಬೆಳಗಾವಿಯವರು ಹೇಳಿದ ಹಾಗೆ ಮೊದಲೇ ಬರೆಸಿಕೊಂಡಿದ್ದೆ, ಹಾಗಾಗಿ ಮಂಗಳೂರಿನವರೇ ತರಿಸಿದ್ರು. ಅದಕ್ಕೆ ಮತ್ತೆ ಹತ್ತು ದಿನ ಹಿಡಿಯಿತು. ಅಷ್ಟು ದಿನ ಅಂಗಳದಲ್ಲಿ ಹೊಸ ಕಾರು, ನಾನು ಹಳೇ ಸ್ಕೂಟರಲ್ಲಿ ಅಡಿಕೆ ಮಂಡಿಗೆ. ಟಿಆರ್ ಇನ್ನೂ ಜೀವಂತ ಇತ್ತು, ಓಡಿಸಬಹುದಿತ್ತೋ ಏನೋ. ಆದ್ರೆ ಆ ಬೊಲೆರೊದ ಕತೆ ಓದಿದ ಮೇಲೆ ಕೈ ಬರ್ಲಿಲ್ಲ.

ಕುಡ್ಲದ_ಬಿಸಿಲು · 24ನೇ ದಿನ, ರಾತ್ರಿ 9.15

ಅಭಿನಂದನೆ! ಫಾಸ್ಟ್ಯಾಗ್ ಮರೀಬೇಡಿ. ಹೊಸ ಗಾಡಿಯ ಟ್ಯಾಗ್ ಚಾಸಿ ನಂಬರಿಗೆ ಕೊಟ್ಟದ್ದು. ಖರೀದಿಯಾಗಿ 90 ದಿನದೊಳಗೆ ಅದರಲ್ಲಿ ಕೆಎಲ್ ನಂಬರ್ ಸೇರಿಸ್ಬೇಕು, ಇಲ್ಲದಿದ್ರೆ ಒಂದು ದಿನ ತಲಪಾಡಿ ಟೋಲಲ್ಲಿ ಟ್ಯಾಗ್ ಕೆಂಪು ತೋರಿಸ್ತದೆ, ಹಿಂದೆ ಮೀನಿನ ಲಾರಿ ಹಾರ್ನ್ ಹೊಡೀತಾ ನಿಲ್ತದೆ. ಪಾಲಿಸಿಗೂ ಹೊಸ ನಂಬರ್ ಹಾಕಿಸಿ.

ಗಡಿಯ_ಮನೆ · 24ನೇ ದಿನ, ರಾತ್ರಿ 9.22

ಪಾಲಿಸಿಗೆ ಇವತ್ತೇ ಹಾಕಿಸಿದೆ. ಫಾಸ್ಟ್ಯಾಗ್ ನಾಳೆ. ನೆನಪು ಮಾಡಿದ್ದಕ್ಕೆ ಉಪಕಾರ.

ಕುಂದಾನಗರಿಯಂವ · 24ನೇ ದಿನ, ರಾತ್ರಿ 9.40

ಛಲೋ ಆತ್ರಿ. ಆ ಹಳದಿ ಪ್ಲೇಟ್ ಏನ್ ಮಾಡಿದ್ರಿ? ನಮ್ಮ ಹುಡುಗ ಅದನ್ನ ತನ್ನ ಸೈಕಲ್ಲಿಗೆ ಕಟ್ಟ್ಯಾನ.

ಗಡಿಯ_ಮನೆ · 24ನೇ ದಿನ, ರಾತ್ರಿ 9.47

ಹಿಂದಿನದ್ದು ಮಗಳ ಪುಸ್ತಕದ ಕಪಾಟಿನ ಮೇಲೆ ಉಂಟು. ಮುಂದಿನದ್ದನ್ನು ಅಮ್ಮ ಕೋಳಿಗೂಡಿನ ತೂತಿಗೆ ಹೊಡೆದು ಆಯ್ತು.

ಸುಮ್ನೆ_ಓದುಗ · 25ನೇ ದಿನ, ಬೆಳಗ್ಗೆ 6.58

ಕೋಳಿಗಳಿಗೆ ತಾತ್ಕಾಲಿಕ ನೋಂದಣಿ ಆಯ್ತು ಅನ್ನಿ. ಒಂದು ಅನುಮಾನ, ಹೊಸದಲ್ಲ, ಸೆಕೆಂಡ್ ಹ್ಯಾಂಡ್ ಕಾರು ಹೊರರಾಜ್ಯದಿಂದ ತಂದರೂ ಇದೇ ಟಿಆರಾ?

ಬೀದರ್_ಬಂಡಿ · 25ನೇ ದಿನ, ಬೆಳಗ್ಗೆ 8.20

ಅಲ್ಲ. ಅದಕ್ಕೆ ಆಗಲೇ ಕಾಯಂ ನಂಬರ್ ಇರುತ್ತೆ, ಆ ನಂಬರಿನಲ್ಲೇ ತರಬಹುದು. ಅಲ್ಲಿಯ ಆರ್‌ಟಿಒದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ತರಬೇಕು, 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಇಲ್ಲಿಯ ನಂಬರ್ ತಗೋಬೇಕು. ತೆರಿಗೆ ವಾಪಸ್ ಪಡೆಯೋದು ಇನ್ನೊಂದು ರಾಮಾಯಣ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಬೈದುಕೊಳ್ಳೋಣ.